ರನ್‌ವೇ ತುದಿಯ ಮನೆ

ಬಿಸಿಲು ನಲವತ್ತೆಂಟು ಡಿಗ್ರಿ ದಾಟಿದ ದಿನ ದೊಡ್ಡ ವಿಮಾನ ಮೇಲೇಳಲು ನಾಲ್ಕು ಕಿಲೋಮೀಟರ್ ದಾರಿ ಬೇಕು. ರನ್‌ವೇ ಅಷ್ಟು ಉದ್ದವಿರಲಿಲ್ಲ, ಅದು ಮುಗಿದಲ್ಲೇ ಓಣಿ. ಅದಕ್ಕೇ ಆ ಓಣಿಯ ಮನೆಗಳಿಗೆಲ್ಲ ಗಾಲಿ ಹಾಕಿದ್ದರು. ಸೈರನ್ ಕೂಗಿದೊಡನೆ ಎಲ್ಲರೂ ಕೂಡಿ ಮನೆಗಳನ್ನು ಪಕ್ಕಕ್ಕೆ ತಳ್ಳಿ, ವಿಮಾನ ಹೋದ ಮೇಲೆ ಮತ್ತೆ ಓಣಿಯ ನೀರಿನ ನಳದ ಬಳಿಗೆ ಎಳೆದು ತರುತ್ತಿದ್ದರು.

ಇಂದು ದ್ಯಾಮವ್ವನ ಮನೆ ಮಾತ್ರ ಅಲುಗಲಿಲ್ಲ. ಒಳಗೆ ಸೊಸೆ ಕಸ್ತೂರಿ ಬೆಳಗಿನಿಂದ ಹೆರಿಗೆ ನೋವು ತಿನ್ನುತ್ತಿದ್ದಳು.

"ಮೆಲ್ಲಕ ದಬ್ಬಸ್ತೀನಿ ಯವ್ವಾ," ಎಂದ ವಿಮಾನ ನಿಲ್ದಾಣದ ಸಾಹೇಬ. "ವಿಮಾನದಾಗ ಮುನ್ನೂರು ಮಂದಿ ಕುಂತಾರ."

"ಅವರು ಕುಂತಾರ್ರಿ, ಇಕಿಗೆ ಕುಂದ್ರಾಕೂ ಆಗವಲ್ದು. ಕೂಸಿನ ತಲಿ ಕಾಣಾಕತ್ತೈತಿ. ಮನಿ ಒಂದ್ ಗೇಣು ಸರಿದ್ರೂ ನಾ ಗಾಲಿ ಕೆಳಗ ಮಲಗತೀನಿ."

ಸಾಹೇಬ ಗಾಲಿಯನ್ನು ನೋಡಿದ, ಅವಳ ಮುಖವನ್ನೂ ನೋಡಿದ. ಭಾರ ಕಡಿಮೆಯಾದರೆ ವಿಮಾನಕ್ಕೆ ಅಷ್ಟು ದಾರಿ ಬೇಡ. ವಾಕಿಟಾಕಿ ಎತ್ತಿ, "ಸಾಮಾನು ಇಳಸ್ರಿ," ಎಂದ.

ಪೆಟ್ಟಿಗೆ, ಚೀಲಗಳೆಲ್ಲ ಇಳಿದವು. ವಿಮಾನ ಮನೆಯ ತಗಡನ್ನು ನಡುಗಿಸುತ್ತ ಮೇಲಿನಿಂದ ಹಾರಿಹೋಯಿತು. ಸದ್ದು ದೂರವಾದಾಗ ಒಳಗೆ ಕೂಸು ಅಳುತ್ತಿತ್ತು.

"ಎಷ್ಟು ಭಾರ ಇಳಿಸಿದ್ರಂತ, ಅತ್ತಿ?" ಎಂದು ಕಸ್ತೂರಿ ಕೇಳಿದಳು.

"ಹತ್ತು ಟನ್ ಅಂತ."

ಕಸ್ತೂರಿ ಮಗಳನ್ನು ನೋಡಿದಳು. ಎರಡು ಕಿಲೋ ಇದ್ದರೆ ಹೆಚ್ಚು.

"ಇಕಿ ಸಲುವಾಗಿ?"

"ಮತ್ತ? ಯಾರಿಗೂ ದಾರಿ ಬಿಡಾಕಿ ಅಲ್ಲ ಇಕಿ," ಎಂದಳು ದ್ಯಾಮವ್ವ.