ತಮ್ಮನ ಏಟು

"ಹೊಟ್ಟೆ ಹೇಗಿದೆ ಅಮ್ಮಾ?" ನರ್ಸ್ ಲಟೋನ್ಯಾ ಕೇಳಿದಳು.

"ಪರವಾಗಿಲ್ಲ" ಎಂದರು ಅರ್ಲಿಸ್.

"ಭೇದಿ? ಮೈ ತುರಿಕೆ?"

"ಪರವಾಗಿಲ್ಲ, ಪರವಾಗಿಲ್ಲ."

ಹೋದ ವಾರವಷ್ಟೇ ದೂರದ ದಕ್ಷಿಣದ ಜಾರ್ಜಿಯಾದಿಂದ ಬಂದು ಕೆಲಸಕ್ಕೆ ಸೇರಿದ್ದ ಲಟೋನ್ಯಾ ಅದನ್ನು ನಂಬಿ, ತೊಂದರೆಯಿಲ್ಲ ಎಂದು ಬರೆದುಕೊಂಡಳು. ಪಾಪ, ಅವಳಿಗೇನು ಗೊತ್ತು! ಉತ್ತರ ಮಿನೆಸೋಟದವರು ಕಾಲು ಮುರಿದರೂ ಪರವಾಗಿಲ್ಲ ಅನ್ನುವ ಜನ. ಮನೆಗೆ ಬೆಂಕಿ ಬಿದ್ದರೆ ಸ್ವಲ್ಪ ಬೆಚ್ಚಗಿದೆ ಎಂದಾರು. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಅರ್ಲಿಸ್, ತಮಗೆ ರಕ್ತದ ಕ್ಯಾನ್ಸರ್ ಎಂದು ತಿಳಿದ ದಿನವೂ ಮಕ್ಕಳನ್ನೆಲ್ಲ ಮನೆಗೆ ಬಿಟ್ಟೇ ತಾವು ಮನೆಗೆ ಹೋಗಿದ್ದರು.

ಪಕ್ಕದಲ್ಲಿ ಕೂತಿದ್ದ ತಮ್ಮ ವೆಂಡೆಲ್‌ಗೆ ಮಾತ್ರ ಈ ಉತ್ತರ ಹಿಡಿಸಲಿಲ್ಲ. ನಲವತ್ತೊಂದು ದಿನದ ಹಿಂದೆ ಅಕ್ಕನಿಗೆ ಹೊಸ ರಕ್ತ ಹುಟ್ಟಿಸುವ ಸ್ಟೆಮ್ ಸೆಲ್ ದಾನ ಮಾಡಿದವನು ಅವನೇ. ಆವತ್ತಿನಿಂದ ಅವನ ಕಾಲು ನೆಲದ ಮೇಲಿಲ್ಲ. ಚರ್ಚಿನ ಊಟದಲ್ಲಿ, ಗಾಳದ ಹುಳ ಮಾರುವ ಅಂಗಡಿಯಲ್ಲಿ, ಅಕ್ಕನ ಮೈಯಲ್ಲಿ ಓಡುತ್ತಿರುವುದು ತನ್ನ ರಕ್ತ ಎಂದು ಡಂಗುರ ಸಾರಿದ್ದೇ ಸಾರಿದ್ದು. ಆದರೆ ಇವತ್ತು ಆಸ್ಪತ್ರೆಗೆ ಬರುವ ಎರಡು ಗಂಟೆಯ ದಾರಿಯಲ್ಲಿ ಅಕ್ಕ ಐದು ಸಲ ಕಾರು ನಿಲ್ಲಿಸಲು ಹೇಳಿ ಟಾಯ್ಲೆಟ್ಟಿಗೆ ಓಡಿದ್ದರು. ಸಾಲದ್ದಕ್ಕೆ ಜುಲೈ ಬಿಸಿಲಿನಲ್ಲಿ ಕೈಗೆ ಗ್ಲೌಸ್ ಬೇರೆ.

"ಅಕ್ಕಾ, ಗ್ಲೌಸ್ ತೆಗಿ."

"ಸುಮ್ನಿರೋ. ಚಳಿ ನಂಗೆ."

"ಜುಲೈನಲ್ಲಿ ಎಂಥಾ ಚಳಿ? ನೀನು ತೆಗಿತೀಯೋ, ನಾನೇ ತೆಗೀಲೋ?"

ಅರ್ಲಿಸ್ ಗೊಣಗುತ್ತ ತೆಗೆದರು. ಅಂಗೈ ಸುಟ್ಟ ಹಾಗೆ ಕೆಂಪಾಗಿ, ಅಲ್ಲಲ್ಲಿ ಸಿಪ್ಪೆ ಏಳುತ್ತಿತ್ತು. ಲಟೋನ್ಯಾ ಬರೆದದ್ದನ್ನು ಹೊಡೆದುಹಾಕಿ ಡಾಕ್ಟರಿಗೆ ಫೋನು ಮಾಡಿ, ಅವರು ಹೇಳಿದ್ದನ್ನು ವೆಂಡೆಲ್‌ಗೆ ತಿಳಿಸಿದಳು.

"ದಾನಿಯ ಜೀವಕೋಶಗಳು ಇವರ ಮೈನ ಬೇರೆಯವರದ್ದು ಅಂತ ತಿಳ್ಕೊಂಡು ಹೊಡೀತಿರೋ ಹಾಗಿದೆ ಸಾರ್. ಚರ್ಮ, ಕರುಳು ಎರಡನ್ನೂ. ಈಗ್ಲೇ ಔಷಧಿ ಶುರು ಮಾಡಿದ್ರೆ ಹತೋಟಿಗೆ ತರಬಹುದು. ತಡ ಮಾಡಿದ್ರೆ ಜೀವಕ್ಕೇ ಅಪಾಯ."

"ಅಂದ್ರೆ... ಹೊಡೀತಿರೋದು ನಾನಾ?" ವೆಂಡೆಲ್ ಮುಖ ಸಪ್ಪಗಾಯಿತು.

"ನೋಡ್ದ್ಯಾ, ಇದಕ್ಕೇ ನಾನು ಬಾಯಿ ಬಿಡ್ಲಿಲ್ಲ" ಅರ್ಲಿಸ್ ರೇಗಿದರು. "ನೀನು ಊರೆಲ್ಲ ಹೇಳ್ಕೊಂಡು ಮೆರೀತಿದ್ದೆ. ನಿನ್ನ ಖುಷಿಗೆ ಯಾಕೆ ಕಲ್ಲು ಹಾಕ್ಲಿ ಅಂತ."

"ನನ್ನ ಖುಷಿಗೋಸ್ಕರ ಸಾಯ್ತೀಯೇನೇ? ನೀನು ಹೋದ್ರೆ ನಾನು ಯಾರ ಹತ್ರ ಜಗಳ ಆಡ್ಲಿ?" ಜಗತ್ತಿನಲ್ಲಿ ಅವನಿಗೆ ಇದ್ದವಳು ಈ ಹಟಮಾರಿ ಅಕ್ಕ ಒಬ್ಬಳೇ.

ಲಟೋನ್ಯಾ ಸ್ಟೂಲು ಎಳೆದುಕೊಂಡು ಹತ್ತಿರ ಕೂತಳು. "ಅಮ್ಮಾ, ಇನ್ನೊಂದ್ಸಲ ಕೇಳ್ತೀನಿ. ಹತ್ತಕ್ಕೆ ಎಷ್ಟು ನೋವು? ನಂಬರ್ ಹೇಳ್ಬೇಕು. ಪರವಾಗಿಲ್ಲ ಅಂದ್ರೆ ಬರ್ಕೊಳಲ್ಲ."

ಅರ್ಲಿಸ್ ತಮ್ಮನನ್ನು ನೋಡಿದರು.

"ಹತ್ತಕ್ಕೆ ಏಳು."

ವೆಂಡೆಲ್ ಕೂತಲ್ಲಿಂದ ಎದ್ದೇಬಿಟ್ಟ. ಇದೇ ಪ್ರಶ್ನೆಗೆ ಅವರಮ್ಮ ಸಾಯುವ ದಿನ ಹೇಳಿದ್ದು ಮೂರು.