ಪೊದೆಯಾಚೆ ಬಚ್ಚಿಟ್ಟ ಕತ್ತೆಗಳು

ಮುದ್ದಮ್ಮನಿಗೆ ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ... ಕೂತಲ್ಲಿ ಕೂರಲಾಗುತ್ತಿಲ್ಲ.

ಮಗಳು ಚಂದ್ರಿಯನ್ನು ನೋಡಲು ಪೇಟೆಯಿಂದ ಗಂಡಿನ ಕಡೆಯವರು ಬರುತ್ತಿದ್ದಾರೆ. ಇವರದು ರಸ್ತೆಯಿಲ್ಲದ ಗುಡ್ಡದ ಊರು. ಹೆಣ್ಣು ಕೇಳಿಕೊಂಡು ಇಷ್ಟು ಎತ್ತರ ಹತ್ತಲು ಇದುವರೆಗೆ ಯಾರೂ ಒಪ್ಪಿರಲಿಲ್ಲ.

"ಕತ್ತೆ ಸಾಕಿವಿ ಅಂತ ಬಾಯಿ ಬುಟ್ಟೀಯ ಮತ್ತ... ಪೇಟೆ ಜನ, ಮುಖ ಸಿಂಡರಿಸ್ತಾರ" ಎಂದು ಸಂಬಂಧ ತಂದ ಪುಟ್ಟಬಸಪ್ಪ ಮೊದಲೇ ಎಚ್ಚರಿಸಿದ್ದ.

ಅದಕ್ಕೇ ಎರಡೂ ಕತ್ತೆಗಳನ್ನು ಮನೆ ಹಿಂದಿನ ಪೊದೆಯಾಚೆ ಕಟ್ಟಿದ್ದಳು. ಅರಚಬಾರದೆಂದು ಮುಂದೆ ಹುಲ್ಲಿನ ರಾಶಿ. ಆದರೂ ಐದು ನಿಮಿಷಕ್ಕೊಮ್ಮೆ ಓಡಿಹೋಗಿ ನೋಡುವಳು.

ಗಂಟೆ ಹನ್ನೆರಡಾಯಿತು... ಎರಡಾಯಿತು... ಮೂರಾಯಿತು.

ಕೊನೆಗೆ ಪುಟ್ಟಬಸಪ್ಪ ಒಬ್ಬನೇ ಏದುಸಿರು ಬಿಡುತ್ತಾ ಬಂದ.

"ಗಂಡಿನ ತಾಯಿಗ ಕಾಲು ಉಳುಕ್ಬುಟ್ಟದ ಕನವ್ವ. ಅರ್ಧ ದಾರೀಲಿ ಕೂತವ್ರೆ. ಹತ್ತಕ್ಕೂ ಆಗ್ದು, ಇಳಿಯಕ್ಕೂ ಆಗ್ದು. ಹೊತ್ತು ಮುಳುಗಿದ್ರ ಆನೆ ಬತ್ತವ..."

ಮುದ್ದಮ್ಮ ಪೊದೆಯತ್ತ ನೋಡಿದಳು. ಕತ್ತೆ ಹೊರತಂದರೆ ಸಂಬಂಧ ಹೋಗುತ್ತದೆ... ತರದಿದ್ದರೆ?

ಅಷ್ಟರಲ್ಲಿ ಚಂದ್ರಿ ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸೀದಾ ಹೋಗಿ ಒಂದು ಕತ್ತೆಯ ಹಗ್ಗ ಬಿಚ್ಚಿದಳು.

"ಬ್ಯಾಡ ಕನವ್ವ, ಮದುವೆ ಮುರಿದೋದದು" ಎಂದಳು ತಾಯಿ.

"ಮುರುದ್ರ ಮುರೀಲಿ ಬುಡವ್ವ. ವಯಸ್ಸಾದವ್ರ ಅಲ್ಲಿ ಬುಟ್ಟು, ನಾ ಇಲ್ಲಿ ಸೀರೆ ಉಟ್ಕೊಂಡು ಕೂತಿರ್ನಾ?" ಎಂದವಳೇ ಪುಟ್ಟಬಸಪ್ಪನ ಜೊತೆ ಕತ್ತೆ ಹೊಡೆದುಕೊಂಡು ಗುಡ್ಡ ಇಳಿದಳು.

ಮುಂದಿನ ಒಂದು ಗಂಟೆ ಮುದ್ದಮ್ಮ ಜಗಲಿಗೂ ಒಲೆಗೂ ನಡುವೆ ಎಷ್ಟು ಸಲ ನಡೆದಳೋ...

ನಮ್ಮ ಕಡೆ ಕತ್ತೆ ಮೇಲೆ ಕೂರಿಸುವುದಕ್ಕಿಂತ ದೊಡ್ಡ ಅವಮಾನವಿಲ್ಲ. ಬೀಗಿತ್ತಿಯಾಗಬೇಕಾದವರನ್ನೇ ಹಾಗೆ ಊರೊಳಗೆ ಕರೆತಂದರೆ?

ಕತ್ತೆ ಬಂತು, ಹಿಂದೆಯೇ ಗಂಡಿನ ಕಡೆಯವರು. ಗಂಡಿನ ತಾಯಿ ನಿಧಾನಕ್ಕೆ ಇಳಿದರು. ಅವರ ಕಣ್ಣು ತುಂಬಿತ್ತು.

"ತಪ್ಪಾಯ್ತು ಅಕ್ಕಾರೆ... ಕತ್ತೆ ಸಾಕಿರೋದ ಮುಚ್ಚಿಟ್ಟಿದ್ದು ನಾನೇಯ" ಎಂದು ಮುದ್ದಮ್ಮ ಕೈ ಮುಗಿದಳು.

ಆಕೆ ಆ ಕೈಗಳನ್ನು ಹಿಡಿದುಕೊಂಡರು.

"ದಾರಿ ಉದ್ದಕ್ಕೂ ನಿಮ್ಮ ಮಗಳನ್ನ ಕೇಳ್ತಾ ಬಂದೆ. ರೇಷನ್ ಅಕ್ಕಿ, ಗ್ಯಾಸ್ ಸಿಲಿಂಡರ್, ಸ್ಕೂಲ್ ಪುಸ್ತಕ... ಹೆರಿಗೆಗೆ ಆಸ್ಪತ್ರೆಗೆ ಹೋಗೋ ಹೆಣ್ಣುಮಕ್ಕಳು... ಎಲ್ಲಾ ಇದರ ಬೆನ್ನ ಮೇಲೇ ಅಂತೆ. ನಮಗೆ ಹೆದರಿ ಇದನ್ನ ಬಚ್ಚಿಟ್ರಲ್ಲ... ನಾಚಿಕೆ ನಮಗಾಗಬೇಕು."

ತಂದಿದ್ದ ಮಲ್ಲಿಗೆ ಮಾಲೆಯನ್ನು ಎರಡು ತುಂಡು ಮಾಡಿದರು. ಒಂದನ್ನು ಕತ್ತೆಯ ಕೊರಳಿಗೆ ಕಟ್ಟಿದರು.

ಇನ್ನೊಂದನ್ನು ಚಂದ್ರಿಗೆ ಮುಡಿಸಿ, "ಹೆಣ್ಣು ನಮ್ಮದು" ಎಂದರು.

ಮುದ್ದಮ್ಮ ಕತ್ತೆಯ ಕೊರಳು ತಬ್ಬಿಕೊಂಡು ಗೊಳೋ ಎಂದು ಅತ್ತಳು...

*ಊರಿನ ಭಾರ ಹೊತ್ತ ಬೆನ್ನು ಬಚ್ಚಿಡುವಂಥದ್ದಲ್ಲ.*

ಇವತ್ತು ನಿಮ್ಮ ತಟ್ಟೆಗೆ ಬಿದ್ದ ಅನ್ನವನ್ನು ಯಾರು ಯಾರು ಹೊತ್ತು ತಂದರೋ... ಒಮ್ಮೆಯಾದರೂ ಯೋಚಿಸಿದ್ದೀರಾ?