ತಪ್ಪಿಲ್ಲದ ಅರ್ಜಿ

ಅಂಧ ವಿದ್ಯಾರ್ಥಿನಿಯರ ಹಾಸ್ಟೆಲ್ಲಿಗೆ ಪ್ರವೇಶದ ಅರ್ಜಿ ತುಂಬುವ ವೆಬ್‌ಸೈಟ್ ಮಾಡುವ ಕೆಲಸ ಬಂದಾಗ ನಾಗಭೂಷಣ ಅದನ್ನು ದೇವರ ಸೇವೆಯೆಂದೇ ಕೈಗೆತ್ತಿಕೊಂಡ. ಎಂಟು ದಿನ ಕಣ್ಣಿಗೆ ಪಂಚೆಯ ತುಂಡು ಕಟ್ಟಿಕೊಂಡು ಕಂಪ್ಯೂಟರಿನ ಮುಂದೆ ಕೂತ. ತಾನು ತಡವರಿಸಿದ ಕಡೆಯಲ್ಲೆಲ್ಲ ಅರ್ಜಿಯೇ ಬಾಯಿಬಿಟ್ಟು ದಾರಿ ಹೇಳುವಂತೆ ಮಾಡಿದ.

ಮೊದಲು ಅರ್ಜಿ ತುಂಬಿದವಳು ಹುಟ್ಟಿನಿಂದ ಕಣ್ಣಿಲ್ಲದ ಸಾವಂತ್ರಿ. ಹಾಸ್ಟೆಲ್ಲಿನಲ್ಲಿ ಸೀಟು ಸಿಕ್ಕರೆ ಕಾಲೇಜು, ಇಲ್ಲದಿದ್ದರೆ ಅವಳ ಓದು ಅಲ್ಲಿಗೇ ಮುಗಿಯಿತು.

"ಅಣ್ಣಾ, ಅಮ್ಮನನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ, ಎಲ್ಲಾ ನಾನೇ ತುಂಬಿದೆ!" ಸೈಟಿನಲ್ಲಿದ್ದ ಅವನ ನಂಬರಿಗೆ ಫೋನು ಮಾಡಿ ಅವಳು ನಕ್ಕಳು. "ನಿಮಗೂ ಕಣ್ಣು ಕಾಣಲ್ವಾ?"

"ಎಂಟು ದಿನ ಕಾಣ್ತಿರಲಿಲ್ಲ ತಾಯಿ," ಎಂದ ನಾಗಭೂಷಣ.

ಮರುವಾರ ಹಾಸ್ಟೆಲ್ಲಿನ ಕಚೇರಿಯಲ್ಲಿ ಅರ್ಜಿ ಪರಿಶೀಲಿಸುವ ಸಾಹೇಬರು ಅವನ ಬೆನ್ನು ತಟ್ಟಿದರು.

"ಭೇಷ್ ಕಣಯ್ಯಾ! ಸುಳ್ಳು ಹೇಳೋರು ನಿನ್ನ ಸೈಟಲ್ಲಿ ತಾವಾಗಿಯೇ ಸಿಕ್ಕಿಬೀಳ್ತಾರೆ."

"ಯಾರು ಸಾರ್?"

"ಯಾರೋ ಸಾವಂತ್ರಿಯಂತೆ. ಒಂದಕ್ಷರ ತಪ್ಪಿಲ್ಲ. ತುಂಬಲು ಸಹಾಯ ಮಾಡಿದವರು ಯಾರು ಅನ್ನೋ ಕಡೆ 'ಯಾರೂ ಇಲ್ಲ' ಅಂತ ಬರೆದಿದ್ದಾಳೆ. ಕಣ್ಣಿಲ್ಲದವಳ ಕೈಲಿ ಆಗೋ ಕೆಲಸವಾ ಅದು? ಬೆಳಿಗ್ಗೆಯೇ ಅರ್ಜಿ ವಜಾ ಮಾಡಿಬಿಟ್ಟೆ."